ತೊಂಬತ್ತೇಳರಿಂದ ನೂರ ಹನ್ನೆರಡರವರೆಗೆ

ಇಪ್ಪತ್ತೆರಡು ವರ್ಷ ಪುಸ್ತಕಗಳ ನಡುವೆಯೇ ಕೂತು, ಹನ್ನೊಂದು ಸಾವಿರಕ್ಕೂ ಮಿಕ್ಕಿ ಪುಸ್ತಕಗಳ ಬೆನ್ನು ಹೊಲಿದು, ಅದರಲ್ಲಿ ಒಂದನ್ನೂ ಓದದೆ ಇರಲು ಸಾಧ್ಯವೇ ಎಂದು ಯಾರಾದರೂ ಕೇಳಿದರೆ, ಸಾಧ್ಯ ಎಂದೇ ಹೇಳಬೇಕು. ಗ್ರಂಥಾಲಯದ ಬೈಂಡರಮ್ಮ ಅದನ್ನು ಮಾಡಿ ತೋರಿಸಿದ್ದಳು. ಹಾಗೆಂದು ಅವಳೇನೂ ಅಕ್ಷರ ಬಾರದವಳಲ್ಲ. ಏಳನೇ ತರಗತಿ ಮುಗಿಸಿದವಳು. ಬಸ್ಸಿನ ಬೋರ್ಡು, ಔಷಧಿಯ ಚೀಟಿ, ಅಂಟು ತಾಗದಿರಲೆಂದು ಮೇಜಿಗೆ ಹಾಸಿದ ಹಳೇ ದಿನಪತ್ರಿಕೆ, ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದಳು. ಕಥೆ ಪುಸ್ತಕ ಮಾತ್ರ ಓದುತ್ತಿರಲಿಲ್ಲ, ಓದುವುದಿಲ್ಲ ಎಂಬುದನ್ನು ಒಂದು ದೊಡ್ಡಸ್ತಿಕೆಯಂತೆ ಹೇಳಿಕೊಳ್ಳುತ್ತಲೂ ಇದ್ದಳು.

ಇದು ಅವಳಿಗೆ ಅಪ್ಪನಿಂದ ಬಂದ ಬಳುವಳಿ. ಅವಳಪ್ಪನೂ ಬೈಂಡರೇ. ಮಗಳ ಕೈಗೆ ಮೊದಲ ಸಲ ಸೂಜಿ ಕೊಡುವಾಗಲೇ ಹೇಳಿದ್ದ: "ಬೈಂಡರ್ ಆದೋರು ಪುಟದ ಕಾಲು ನೋಡ್ಬೇಕು, ಮುಖ ನೋಡಬಾರದು. ಮುಖ ನೋಡ್ತಾ ಕೂತ್ರೆ ಅಂಟು ಒಣಗುತ್ತೆ." ಕಾಲು ಎಂದರೆ ಪುಟದ ಅಡಿಯಲ್ಲಿ ಅಚ್ಚಾದ ಸಂಖ್ಯೆ. ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳು, ಒಂದೊಂದು ಮಡಿಕೆಗೆ ಬೈಂಡರುಗಳ ಬಾಯಲ್ಲಿ ಫಾರಂ ಎಂದು ಹೆಸರು. ಜೀರ್ಣವಾದ ಪುಸ್ತಕ ಬಂದರೆ ರಟ್ಟು ಕಿತ್ತು, ಫಾರಂಗಳನ್ನು ಬಿಡಿಸಿ, ಹರಿದಲ್ಲಿ ತೆಳು ಕಾಗದ ಅಂಟಿಸಿ, ಸಂಖ್ಯೆ ನೋಡಿ ಸಾಲಾಗಿ ಜೋಡಿಸಿ, ಮೇಣ ಸವರಿದ ದಾರದಲ್ಲಿ ಹೊಲಿದು, ಹುಳು ಹಿಡಿಯದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟು ಬಳಿದು ಒತ್ತುಯಂತ್ರದ ಕೆಳಗಿಡಬೇಕು. ಇಷ್ಟಕ್ಕೆ ಅಂಕಿ ಗೊತ್ತಿದ್ದರೆ ಸಾಕು. ಒಳಗೆ ರಾಜ ಸತ್ತನೋ ರಾಣಿ ಓಡಿಹೋದಳೋ ಬೈಂಡರಿಗೆ ಕಟ್ಟಿಕೊಂಡು ಆಗಬೇಕಾದ್ದೇನು?

"ಬರೀ ಸುಳ್ಳು. ಲೋಕದಲ್ಲೇ ಇಲ್ಲದವರ ಕಷ್ಟಕ್ಕೆ ಇರೋರು ಕಣ್ಣೀರು ಹಾಕೋದು," ಎನ್ನುತ್ತಿದ್ದಳು ಬೈಂಡರಮ್ಮ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತಿತ್ತು. "ನನ್ನ ಕೈಯಿಂದ ಹೋದ ಪುಸ್ತಕದಲ್ಲಿ ಒಂದು ಪುಟ ಹಿಂದುಮುಂದಾಗಿದ್ರೆ ತೋರಿಸಿ. ಅವತ್ತೇ ಸೂಜಿ ಕೆಳಗಿಡ್ತೀನಿ." ಇದನ್ನು ಅವಳು ಕೌಂಟರಿನ ಗುಮಾಸ್ತನಿಗೆ ಹೇಳುತ್ತಿದ್ದಳು, ರಟ್ಟು ತಂದುಕೊಡುವವನಿಗೆ ಹೇಳುತ್ತಿದ್ದಳು, ಮನೆಯಲ್ಲಿ ಊಟಕ್ಕೆ ಕೂತಾಗ ಮಗಳಿಗೂ ಹೇಳುತ್ತಿದ್ದಳು. ಕೆಲಸ ಚೆನ್ನಾಗಿ ಬರುವವರ ಜೊತೆ ಬದುಕುವುದು ಕಷ್ಟ. ಅದನ್ನು ದಿನಾ ಬಾಯಿಬಿಟ್ಟು ಹೇಳಿಕೊಳ್ಳುವವರ ಜೊತೆ ಬದುಕುವುದು ಇನ್ನೂ ಕಷ್ಟ.

ಗಂಡ ತೀರಿಕೊಂಡಾಗ ಮಗಳಿಗೆ ಹತ್ತು ವರ್ಷ. ಬೈಂಡರಮ್ಮ ಹಲ್ಲು ಕಚ್ಚಿ ದುಡಿದು ಅವಳನ್ನು ಓದಿಸಿದಳು. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆದಳು. ಎಲ್ಲ ನೆಟ್ಟಗಿತ್ತು. ಆದರೆ ಒಂದೂವರೆ ವರ್ಷದ ಕೆಳಗೆ ಮಗಳು ಇದ್ದಕ್ಕಿದ್ದಂತೆ ಎರಡು ಬ್ಯಾಗು ತುಂಬಿಕೊಂಡು, "ಲ್ಯಾಬಿಗೆ ದೂರ ಆಗುತ್ತೆ ಅಮ್ಮ, ಹತ್ತಿರದಲ್ಲೇ ಒಂದು ರೂಮ್ ಸಿಕ್ಕಿದೆ," ಎಂದು ಹೊರಟುಬಿಟ್ಟಳು. ಮನೆಯಿಂದ ಲ್ಯಾಬಿಗೆ ಎರಡೇ ಬಸ್ ಸ್ಟಾಪು. ಆಮೇಲೆ ತಿಂಗಳ ಮೊದಲ ಭಾನುವಾರ ಬಂದು, ಒಂದು ಗಂಟೆ ಕೂತು, ಕೇಳಿದ್ದಕ್ಕೆಲ್ಲ "ಚೆನ್ನಾಗಿದೀನಿ" ಎಂದು ಹೇಳಿ ಹೋಗುತ್ತಿದ್ದಳು. ಲ್ಯಾಬಿನಲ್ಲಿ ಏನೋ ಎಡವಟ್ಟಾಗಿತ್ತು ಎಂದು ಅಸ್ಪಷ್ಟವಾಗಿ ಬೈಂಡರಮ್ಮನ ಕಿವಿಗೆ ಬಿದ್ದಿತ್ತು. ಅದಕ್ಕೂ ಇದಕ್ಕೂ ಅವಳು ಗಂಟು ಹಾಕಲಿಲ್ಲ. ಸೊಕ್ಕು ಎಂದುಕೊಂಡಳು. ಕೈಗೆ ಸಂಬಳ ಬಂತು, ತಾಯಿ ಬೇಡವಾದಳು ಎಂದುಕೊಂಡಳು. ಅಕ್ಕಪಕ್ಕದವರು ಕೇಳಿದರೆ ತಾನೂ "ಲ್ಯಾಬಿಗೆ ದೂರ" ಎಂದೇ ಹೇಳಿದಳು. ಆದರೆ ಒಂದೇ ಒಂದು ತಟ್ಟೆ ತೊಳೆದಿಡುವಾಗಲೆಲ್ಲ ಯಾಕೆ ಹೋದಳು ಎಂಬ ಪ್ರಶ್ನೆ ಅವಳನ್ನು ಬಿಟ್ಟೆನೆಂದರೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ, ಬೈಂಡಿಂಗ್ ಕೋಣೆಯ ಬಾಗಿಲಲ್ಲಿ ಒಬ್ಬ ವಯಸ್ಸಾದ ಟೈಲರ್ ಬಂದು ನಿಂತ. ಕೊರಳಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು. ಕೈಯಲ್ಲೊಂದು ದಪ್ಪ ಕಾದಂಬರಿ.

"ಇಲ್ಲಿ ಬೈಂಡರ್ ಯಾರಮ್ಮಾ?"

"ನಾನೇ. ಏನಾಗ್ಬೇಕಿತ್ತು ಯಜಮಾನ್ರೇ?"

"ದೂರು ಅಲ್ಲ ತಾಯಿ, ಮೊದಲೇ ಹೇಳ್ಬಿಡ್ತೀನಿ. ಗಂಡ ಹೆಂಡ್ತಿ ನಡುವೆ ಒಂದು ಪಂದ್ಯ ಬಿದ್ದಿದೆ. ನೀವು ತೀರ್ಮಾನ ಹೇಳ್ಬೇಕು."

ಸಂಗತಿ ಇಷ್ಟು. ಕಾದಂಬರಿ ಒಂದು ದೊಡ್ಡ ಸಂಸಾರದ್ದು. ಎಂಟು ವರ್ಷದ ಹಿಂದೆ ಓದಿ ಮೆಚ್ಚಿದ್ದ ಟೈಲರ್ ಈಗ ಹೆಂಡತಿಗೆಂದು ಮತ್ತೆ ತೆಗೆದುಕೊಂಡು ಹೋಗಿದ್ದ. "ತೊಂಬತ್ತಾರನೇ ಪುಟದಲ್ಲಿ ಕಿರಿಮಗಳು ಬ್ಯಾಗು ಹಿಡ್ಕೊಂಡು ಬಾಗಿಲಲ್ಲಿ ನಿಂತಿದಾಳೆ," ಎಂದು ಅವನು ಪುಟ ತೆರೆದು ತೋರಿಸಿದ. "ಪಕ್ಕದ ಪುಟ ನೋಡಿದ್ರೆ ಹೊಳೆ, ದೋಣಿ, ಒಬ್ಬ ಮುದುಕ ಅಂಬಿಗ, ಅವನ ಹತ್ರ ಹುಟ್ಟು ಹಾಕೋದು ಕಲಿಯೋ ಒಬ್ಬ ಹುಡುಗಿ. ಹದಿನಾರು ಪುಟ ಆದ್ಮೇಲೆ ಮತ್ತೆ ಮನೆ. ನಾನಂದುಕೊಂಡೆ, ಮನೆ ಬಿಟ್ಟೋಳು ಹೋಗಿ ದೋಣಿ ನಡೆಸೋಕೆ ಸೇರ್ಕೊಂಡ್ಲು ಅಂತ. ಎಂಥಾ ಬರಹಗಾರ ಅಂತ ಎಂಟು ವರ್ಷ ಹೊಗಳ್ತಾ ಬಂದೆ. ನಮ್ಮನೆಯವಳು ಮೂರೇ ಪುಟ ಓದಿ, 'ರೀ, ಇದು ಬೇರೆ ಪುಸ್ತಕದ್ದು, ಬೈಂಡರ್ ಕೈ ತಪ್ಪಿದೆ' ಅಂತಾಳೆ."

ಬೈಂಡರಮ್ಮ ಕೈಗೆ ಹತ್ತಿದ ಅಂಟನ್ನು ಸೆರಗಿಗೆ ಒರೆಸಿದಳು. ಪುಸ್ತಕ ಕಿತ್ತುಕೊಂಡಂತೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಕಾಗದ ಒಂದೇ, ಅಕ್ಷರ ಒಂದೇ, ಪುಟದ ನೆತ್ತಿಯ ಮೇಲೆ ಪುಸ್ತಕದ ಹೆಸರು ಹಾಕುವ ಪದ್ಧತಿ ಆ ಪ್ರೆಸ್ಸಿಗೆ ಇರಲಿಲ್ಲ. ಅಡಿಯಲ್ಲಿ ತೊಂಬತ್ತೇಳರಿಂದ ನೂರ ಹನ್ನೆರಡರವರೆಗೆ ಸಂಖ್ಯೆಗಳು ಕಟ್ಟುನಿಟ್ಟಾಗಿ ಸಾಲಿನಲ್ಲಿದ್ದವು. ಕಾಲು ಸರಿಯಾಗಿತ್ತು, ಮುಖ ಬೇರೆಯವರದು. ಬೇರೆ ಯಾರೋ ಬೈಂಡ್ ಮಾಡಿದ್ದಿರಬಹುದೆಂದು ಒಂದು ಕ್ಷಣ ಆಸೆಪಟ್ಟು ಹೊಲಿಗೆ ನೋಡಿದಳು. ಬುಡದಲ್ಲಿ ಎರಡು ಸುತ್ತು ಹಾಕಿ ಬಿಗಿದ ಗಂಟು. ಆ ಗಂಟು ಹಾಕುವವರು ಇಬ್ಬರೇ, ಒಬ್ಬ, ಅವಳಪ್ಪ, ಸತ್ತು ಹದಿನೇಳು ವರ್ಷವಾಗಿತ್ತು. ಒಳರಟ್ಟಿನ ಮೇಲಿನ ಸೀಲಿನಲ್ಲಿ ಒಂಬತ್ತು ವರ್ಷದ ಹಿಂದಿನ ತಾರೀಕಿತ್ತು.

"ನಿಮ್ಮನೆಯವ್ರು ಗೆದ್ರು," ಎಂದಳು. "ತಪ್ಪು ನನ್ನದೇ."

ಟೈಲರನ ಮುಖ ಸಪ್ಪಗಾಯಿತು. ಪಂದ್ಯ ಸೋತಿದ್ದಕ್ಕಲ್ಲ. "ಅಯ್ಯೋ, ಆ ಪುಟಗಳು ನನಗೆ ಎಷ್ಟು ಉಪಕಾರ ಮಾಡಿವೆ ಗೊತ್ತಾ ತಾಯಿ? ಆ ಅಂಬಿಗ ಹೇಳ್ತಾನೆ, ದಡ ಎದುರಿಗೇ ಕಂಡ್ರೂ ದೋಣೀನ ನೇರ ಬಿಡಬೇಡ, ಮೇಲಕ್ಕೆ ಓರೆಯಾಗಿ ಬಿಡು, ನೀರೇ ತಂದು ಸೇರಿಸುತ್ತೆ ಅಂತ. ಆಗ ನನಗೂ ನಮ್ಮಣ್ಣಂಗೂ ಅಂಗಡಿ ವಿಷಯಕ್ಕೆ ಮಾತು ಬಿಟ್ಟು ಆರು ವರ್ಷ. ರಾಜಿ ಮಾಡ್ಕೊಳ್ಳೋಣ ಅಂತ ನೇರ ಹೋದಾಗೆಲ್ಲ ಜಗಳ ಜಾಸ್ತಿ ಆಗ್ತಿತ್ತು. ಇದನ್ನ ಓದಿದ್ಮೇಲೆ ಅಂಗಡಿ ಮಾತೇ ಎತ್ತಲಿಲ್ಲ. ಅವನ ಹಳೇ ಕೋಟು ಇಸ್ಕೊಂಡು ಬಂದು ತೋಳು ಬಿಚ್ಚಿ ಸರಿ ಮಾಡಿ ಕೊಟ್ಟೆ. ಮೂರನೇ ವಾರಕ್ಕೆ ಅವನೇ ಮನೆ ಬಾಗಿಲಿಗೆ ಬಂದ."

ಕಥೆ ಓದಿ ಯಾರಾದರೂ ಅಣ್ಣನ ಜೊತೆ ರಾಜಿಯಾಗುತ್ತಾರೆ ಎಂಬುದು ಬೈಂಡರಮ್ಮ ಕೇಳರಿಯದ ಸಂಗತಿ. ಅದೂ ತಪ್ಪಾಗಿ ಹೊಲಿದ ಕಥೆ ಓದಿ. ಅವಳು ಪುಸ್ತಕವನ್ನು ಹಿಂದೆ ಮುಂದೆ ತಿರುವುತ್ತಿದ್ದಳು. ಟೈಲರ್ ಹೊರಡಲು ತಿರುಗಿದವನು ಬಾಗಿಲಲ್ಲಿ ನಿಂತ.

"ಹಾಗಿದ್ರೆ ಆ ಕಿರಿಮಗಳು ದೋಣಿಗೆ ಹೋಗೇ ಇಲ್ಲ. ಮತ್ತೆ ಮನೆ ಬಿಟ್ಟು ಯಾಕೆ ಹೋದ್ಲು?"

ಆ ಪ್ರಶ್ನೆ ಕೇಳಿ ಅವನೇನೋ ಹೋದ. ಬೈಂಡರಮ್ಮನ ಕೈಯಿಂದ ಆ ದಿನ ಒಂದು ಫಾರಂ ಕೂಡ ಹೊಲಿಯಲಾಗಲಿಲ್ಲ.

ಅವತ್ತು ಮಧ್ಯಾಹ್ನ ಅಂಟಿನ ಡಬ್ಬಿಗೆ ಮುಚ್ಚಳ ಹಾಕಿ, ಅಪ್ಪನ ಮಾತನ್ನು ಪಕ್ಕಕ್ಕಿಟ್ಟು, ಐವತ್ತನೇ ವಯಸ್ಸಿನಲ್ಲಿ ತನ್ನ ಜೀವನದ ಮೊದಲ ಕಾದಂಬರಿಯನ್ನು ಅವಳು ಓದಲು ಕೂತಳು. ಮೊದಮೊದಲು ಕಣ್ಣು ಅಭ್ಯಾಸಬಲದಿಂದ ಪುಟದ ಅಡಿಗೇ ಜಾರುತ್ತಿತ್ತು. ಇಪ್ಪತ್ತು ಪುಟ ದಾಟುವಷ್ಟರಲ್ಲಿ ಜಾರುವುದು ನಿಂತಿತು. ಆ ಮನೆಯಲ್ಲಿ ಒಬ್ಬಳು ತಾಯಿಯಿದ್ದಳು. ಎಲ್ಲ ಕೆಲಸ ಅವಳದೇ, ಎಲ್ಲವೂ ಅಚ್ಚುಕಟ್ಟು, ಮೂಗಿನ ತುದಿಯಲ್ಲೇ ಕೋಪ. ಯಾರು ಅತ್ತರೂ ಅವರ ಕೈಗೊಂದು ಕೆಲಸ ಕೊಡುವುದೇ ಅವಳಿಗೆ ತಿಳಿದ ಸಮಾಧಾನ. "ಪರವಾಗಿಲ್ಲ, ಹೆಂಗಸು ಗಟ್ಟಿ," ಎಂದು ಬೈಂಡರಮ್ಮ ಮೆಚ್ಚಿಕೊಂಡಳು. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹೊತ್ತು ಇನ್ನೂ ಬಂದಿರಲಿಲ್ಲ. ತೊಂಬತ್ತಾರನೇ ಪುಟದಲ್ಲಿ ಕಿರಿಮಗಳು ಬ್ಯಾಗು ಹಿಡಿದು ನಿಂತಾಗ ಆ ಸಾಲನ್ನು ಎರಡೆರಡು ಸಲ ಓದಿದಳು. ಹೊಳೆಯನ್ನೂ ದೋಣಿಯನ್ನೂ ಹಾರಿಸಿ ನೂರ ಹದಿಮೂರಕ್ಕೆ ಹೋದಳು. ಅಲ್ಲಿ ಆಗಲೇ ಎರಡು ವರ್ಷ ಕಳೆದಿತ್ತು. ಮನೆಯವರು ಯಾರೂ ಕಿರಿಮಗಳ ಮಾತೆತ್ತುತ್ತಿರಲಿಲ್ಲ.

ಉಳಿದದ್ದನ್ನು ಎರಡು ದಿನದಲ್ಲಿ ಓದಿ ಮುಗಿಸಿದಳು. ಕೊನೆಯಲ್ಲಿ ಆ ತಾಯಿ ತೀರಿಕೊಳ್ಳುತ್ತಾಳೆ. ಕಿರಿಮಗಳಿಗೆ ತಿಳಿಸೋಣವೆಂದರೆ ಮನೆಯಲ್ಲಿ ಯಾರ ಹತ್ತಿರವೂ ಅವಳ ವಿಳಾಸವಿರುವುದಿಲ್ಲ. ಪುಸ್ತಕ ಮುಚ್ಚಿದ ಮೇಲೆ ಬೈಂಡರಮ್ಮನಿಗೆ ಭಯವಾಯಿತು. ತನಗೆ ಮಗಳ ರೂಮು ಇರುವ ಬೀದಿ ಗೊತ್ತು, ಮನೆ ಗೊತ್ತಿಲ್ಲ. ಯಾವತ್ತೂ ಕೇಳಿರಲಿಲ್ಲ. ಮಗಳೂ ಹೇಳಿರಲಿಲ್ಲ. ಆ ಹದಿನಾರು ಪುಟಗಳಲ್ಲಿ ಮಗಳೊಬ್ಬಳು ಯಾಕೆ ಮನೆ ಬಿಟ್ಟಳು ಎಂಬುದು ಬರೆದಿದೆ. ಕಾರಣ ತಿಳಿದರೆ ತನ್ನ ಮಗಳದ್ದೂ ತಿಳಿದೀತು. ಏನಾದರಾಗಲಿ, ಆ ಪುಟಗಳನ್ನು ಹುಡುಕಿಯೇ ತೀರಬೇಕು.

ಬೈಂಡಿಂಗ್ ರಿಜಿಸ್ಟರಿನಲ್ಲಿ ಒಂಬತ್ತು ವರ್ಷದ ಹಿಂದಿನ ಆ ತಾರೀಕಿಗೆ ಎರಡು ಪುಸ್ತಕಗಳಿದ್ದವು. ಒಂದು ಸಂಸಾರದ್ದು. ಇನ್ನೊಂದು, ಹೆಸರೇ ಹೇಳುವಂತೆ, ದೋಣಿಯದ್ದು. ಒಂದೇ ದಿನ ಎರಡನ್ನೂ ಬಿಚ್ಚಿ ಒಂದೇ ಮೇಜಿನ ಮೇಲೆ ಹರಡಿದ್ದಾಳೆ, ಎರಡರ ಏಳನೇ ಫಾರಂ ಅದಲುಬದಲಾಗಿದೆ. ಅವತ್ತು ತನ್ನ ಗಮನ ಎಲ್ಲಿತ್ತು ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ದೋಣಿಯ ಪುಸ್ತಕ ಕಪಾಟಿನಲ್ಲಿರಲಿಲ್ಲ. ಹದಿನಾಲ್ಕು ತಿಂಗಳಿಂದ ಒಬ್ಬನ ಹತ್ತಿರವೇ ಇತ್ತು.

"ಮೂರು ಕಾಗದ ಹಾಕಿದೀನಿ, ಉತ್ತರ ಇಲ್ಲ," ಎಂದ ಕೌಂಟರಿನ ಗುಮಾಸ್ತ. "ಬಿಡಿ ಬೈಂಡರಮ್ಮ, ಒಂಬತ್ತು ವರ್ಷದಿಂದ ಯಾರೂ ಕೇಳಿಲ್ಲ. ಈಗ್ಯಾಕೆ ಮೈಮೇಲೆ ಎಳ್ಕೊಳ್ತೀರಾ?"

"ಈಗ ನಾನೇ ಕೇಳ್ತಿದೀನಲ್ಲ. ವಿಳಾಸ ಕೊಡಿ."

"ನಿಮ್ಮ ಕೈಯಿಂದ ತಪ್ಪೇ ಆಗಲ್ಲ ಅಂತಿದ್ರಿ?"

"ಆಗಿದೆ. ವಿಳಾಸ ಕೊಡಿ."

ಗುಮಾಸ್ತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬರೆದುಕೊಟ್ಟ. ಮನೆಯ ವಿಳಾಸ ಹಳೆಯದು, ಅಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಮನೆಯವರು, ಆ ಮನುಷ್ಯ ಲಿಫ್ಟ್ ನಡೆಸುತ್ತಾನೆ ಎಂದಷ್ಟೇ ಹೇಳಿದರು. ಯಾವ ಕಟ್ಟಡದಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಬೈಂಡರಮ್ಮ ಎರಡು ದಿನ ರಜೆ ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ಮತ್ತು ಗಂಡ ಸತ್ತಾಗ ಬಿಟ್ಟರೆ ರಜೆಯನ್ನೇ ಹಾಕದವಳು, ಪಟ್ಟಣದಲ್ಲಿ ಲಿಫ್ಟ್ ಇರುವ ಒಂದೊಂದೇ ಕಟ್ಟಡಕ್ಕೆ ಹೋಗಿ, "ಇಲ್ಲಿ ಲಿಫ್ಟ್ ನಡೆಸೋರು ಕಥೆ ಪುಸ್ತಕ ಓದ್ತಾರಾ?" ಎಂದು ಕೇಳುತ್ತ ಅಲೆದಳು. ಕೆಲವರು ನಕ್ಕರು. ಒಬ್ಬ ಕಾವಲುಗಾರ, ಇವಳಿಗೆ ತಲೆ ಸರಿಯಿಲ್ಲವೆಂದು ತಿಳಿದು ಕುಡಿಯಲು ನೀರು ಕೊಟ್ಟ. ಅವಳು ನೀರು ಕುಡಿದು ಮುಂದಿನ ಕಟ್ಟಡಕ್ಕೆ ನಡೆದಳು.

ಹನ್ನೊಂದನೇ ಕಟ್ಟಡದಲ್ಲಿ ಅವನು ಸಿಕ್ಕಿದ. ಒಂಬತ್ತು ಮಹಡಿ, ಬರೀ ಕಚೇರಿಗಳು. ಲಿಫ್ಟಿನ ಮೂಲೆಯಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ನಲವತ್ತರ ಆಸುಪಾಸಿನ ಒಬ್ಬ ಗಂಡಸು, ಗುಂಡಿಗಳ ಹಲಗೆಯ ಕೆಳಗೆ ಸಿಕ್ಕಿಸಿಟ್ಟ, ಪೇಪರಿನ ಹೊದಿಕೆ ಹಾಕಿದ ಪುಸ್ತಕ. ಹೊದಿಕೆ ಹಾಕಿದ್ದು ನೋಡಿಯೇ ಬೈಂಡರಮ್ಮನ ಅರ್ಧ ಸಿಟ್ಟು ಇಳಿಯಿತು.

"ಗ್ರಂಥಾಲಯದಿಂದ ಬಂದಿದೀನಿ. ಪುಸ್ತಕ ಕೊಡಿ."

ಅವನು ಸ್ಟೂಲಿನಿಂದ ಎದ್ದೇಬಿಟ್ಟ. "ಅಕ್ಕಾ, ಕೊಡಬಾರದು ಅಂತ ಅಲ್ಲ. ವಾಪಸ್ ಕೊಟ್ರೆ ಮತ್ತೆ ಸಿಗುತ್ತೋ ಇಲ್ವೋ ಅಂತ. ಅದರಲ್ಲಿ ಮಧ್ಯೆ ಒಂದು ಹದಿನಾರು ಪುಟ ಇದೆ..."

"ಗೊತ್ತು. ಅದನ್ನ ಅಲ್ಲಿಗೆ ಹೊಲಿದೋಳು ನಾನೇ. ಈಗ ಓದ್ಬೇಕು."

"ಸಂಜೆ ಐದೂವರೆಗೆ ಡ್ಯೂಟಿ ಮುಗಿಯುತ್ತೆ, ಆಗ..."

"ಈಗ."

ಕೆಳಗಿನ ಹಜಾರದಲ್ಲಿ ಕೆಲಸವಿಲ್ಲದವರು ನಿಲ್ಲುವಂತಿರಲಿಲ್ಲ, ಕಾವಲುಗಾರ ಆಗಲೇ ಕಣ್ಣು ಬಿಡುತ್ತಿದ್ದ. ಲಿಫ್ಟಿನವನು ಯೋಚಿಸಿ ತನ್ನ ಸ್ಟೂಲನ್ನು ಅವಳ ಕಡೆ ಸರಿಸಿದ. ಹೀಗೆ ಬೈಂಡರಮ್ಮ ಲಿಫ್ಟಿನ ಮೂಲೆಯಲ್ಲಿ ಕೂತು, ಮೇಲೆ ಕೆಳಗೆ ಹೋಗುತ್ತ ಬರುತ್ತ, ಫೈಲು ಹಿಡಿದವರ ಮೊಣಕೈ ತಾಗಿಸಿಕೊಳ್ಳುತ್ತ, ತೊಂಬತ್ತೇಳನೇ ಪುಟ ಓದಲು ಶುರುಮಾಡಿದಳು.

ಕಿರಿಮಗಳು ಬಾಗಿಲಲ್ಲಿ ನಿಂತಿದ್ದಾಳೆ. ತಾಯಿ ಹಿತ್ತಲಲ್ಲಿದ್ದಾಳೆ. "ಹೋಗಿಬರ್ತೀನಿ" ಎಂದಿದ್ದಕ್ಕೆ ತಾಯಿ ಅಲ್ಲಿಂದಲೇ, ತಿರುಗಿಯೂ ನೋಡದೆ, ಬರುವಾಗ ಸೋಪು ತಗೊಂಡು ಬಾ ಎನ್ನುತ್ತಾಳೆ. ಹುಡುಗಿ ಬಸ್ಸು ಹತ್ತುತ್ತಾಳೆ. ಬಸ್ಸಿನಲ್ಲಿ ಅವಳಿಗೆ ಮೂರು ವಾರದ ಹಿಂದಿನ ಒಂದು ಸಂಜೆ ನೆನಪಾಗುತ್ತದೆ. ಕೆಲಸದಿಂದ ಬಂದವಳೇ ಬಚ್ಚಲಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿ, ಸದ್ದು ಕೇಳದಿರಲೆಂದು ನಲ್ಲಿ ಬಿಟ್ಟು ಅತ್ತಿದ್ದಾಳೆ. ಅಕ್ಕ ಬಾಗಿಲು ತಟ್ಟಿ, ನಾನು ಹೊರಗೆ ಹೋಗಬೇಕು ಬೇಗ ಬಾ ಎನ್ನುತ್ತಾಳೆ. ಅಣ್ಣ, ಒಳಗೆ ಈಜು ಕಲೀತಿದೀಯಾ ಎಂದು ನಗುತ್ತಾನೆ. ಕೊನೆಗೆ ತಾಯಿ ಬಂದು ಬಾಗಿಲು ಬಡಿದು, ನೀರು ಸುಮ್ಮನೆ ಹೋಗ್ತಿದೆ, ನಲ್ಲಿ ನಿಲ್ಲಿಸು ಎನ್ನುತ್ತಾಳೆ. ಹುಡುಗಿ ನಲ್ಲಿ ನಿಲ್ಲಿಸಿ, ಮುಖ ಒರೆಸಿಕೊಂಡು, ಹೊರಗೆ ಬಂದು ಎಲ್ಲರಿಗೂ ತಟ್ಟೆ ಹಾಕುತ್ತಾಳೆ.

ನೂರ ಹನ್ನೆರಡಕ್ಕೆ ಬಸ್ಸು ಊರು ದಾಟಿತು. ಫಾರಂ ಮುಗಿಯಿತು. ಬೈಂಡರಮ್ಮ ಹಿಂದಕ್ಕೆ ತಿರುವಿ ಮತ್ತೊಮ್ಮೆ ಹುಡುಕಿದಳು. ಏಳನೇ ಮಹಡಿಯಲ್ಲಿ ಜನ ಇಳಿದು ಲಿಫ್ಟು ಖಾಲಿಯಾದಾಗ ಸಿಟ್ಟಿನಿಂದ ಕೇಳಿದಳು: "ಯಾಕೆ ಅತ್ಲು ಅಂತ ಎಲ್ಲಿದೆ?"

"ಎಲ್ಲೂ ಇಲ್ಲ ಅಕ್ಕ."

"ಇಲ್ಲ ಅಂದ್ರೆ? ಇಷ್ಟು ಬರ್ದೋನಿಗೆ ಕಾರಣ ಬರೆಯೋಕೆ ಏನಾಗಿತ್ತು?"

"ನಾನೂ ಮೊದಲು ಹಾಗೇ ಬೈದೆ. ಆಮೇಲೆ ನಾಲ್ಕೈದು ಸಲ ಓದಿದೆ. ಆ ಮನೇಲಿ ಒಬ್ರಾದ್ರೂ ಕೇಳಿದ್ರೆ ಅವಳು ಹೇಳ್ತಿದ್ಲು. ಯಾರೂ ಕೇಳಿಲ್ಲ. ಅದಕ್ಕೇ ಓದೋ ನಮಗೂ ಗೊತ್ತಾಗಲ್ಲ." ಅವನು ಸ್ವಲ್ಪ ನಾಚಿಕೊಂಡ. "ಇದನ್ನ ಓದಿದ್ಮೇಲೆ ನಾನೊಂದು ಕಲ್ತೆ ಅಕ್ಕ. ಇಲ್ಲಿ ಮೇಲಿನ ಆಫೀಸುಗಳಲ್ಲಿ ಬೈಸ್ಕೊಂಡು ಬರೋರು ಬಹಳ. ಲಿಫ್ಟಲ್ಲಿ ಯಾರೂ ಇಲ್ಲ ಅಂತ ಅಳ್ತಾರೆ, ನಾನು ಅವರ ಲೆಕ್ಕಕ್ಕೇ ಇಲ್ಲ. ಮೊದಲು ಕೆಳಗೆ ಬಂದ ತಕ್ಷಣ ಬಾಗಿಲು ತೆಗೀತಿದ್ದೆ. ಈಗ ಸ್ವಲ್ಪ ತಡೆದು ತೆಗೀತೀನಿ. ಮುಖ ಒರೆಸ್ಕೊಳ್ಳೋಕೆ ಹೊತ್ತು ಬೇಕಲ್ಲ."

ಬೈಂಡರಮ್ಮನಿಗೆ ಅವನ ಮಾತಿನ ಕೊನೆ ಕೇಳಿಸಲಿಲ್ಲ. ಅವಳ ಕಿವಿಯಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಕಾದಂಬರಿಯದಲ್ಲ, ತನ್ನ ಮನೆಯದು. ಒಂದೂವರೆ ವರ್ಷದ ಹಿಂದೆ, ಲ್ಯಾಬಿನಲ್ಲಿ ಏನೋ ಎಡವಟ್ಟಾಯಿತೆಂಬ ಆ ವಾರ, ಮಗಳು ಸಂಜೆ ಬಂದವಳೇ ಬಚ್ಚಲು ಸೇರಿದ್ದಳು. ನಲ್ಲಿ ಹತ್ತು ನಿಮಿಷವಾದರೂ ನಿಂತಿರಲಿಲ್ಲ. ಇವಳು ಹೋಗಿ ಬಾಗಿಲು ಬಡಿದಿದ್ದಳು. "ನೀರೇನು ಪುಕ್ಕಟೆ ಬರುತ್ತಾ?" ಎಂದಿದ್ದಳು. ಊಟಕ್ಕೆ ಕೂತಾಗ ಮಗಳು ಏನೋ ಹೇಳಲು ಬಾಯಿ ತೆರೆದಿದ್ದಳು, "ಅಮ್ಮ, ಇವತ್ತು ಕೆಲಸದಲ್ಲಿ ಒಂದು ತಪ್ಪಾಯ್ತು," ಎಂದು. ಇವಳು ಥಟ್ಟನೆ, "ಗಮನ ಇಟ್ಟು ಮಾಡಿದ್ರೆ ಯಾಕೆ ತಪ್ಪಾಗುತ್ತೆ? ಇಪ್ಪತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದಾದ್ರೂ ಆಗಿದ್ಯಾ?" ಎಂದು ಕೇಳಿ, ಉಣ್ಣುವುದನ್ನು ಮುಂದುವರಿಸಿ, ಊಟವಾದ ಮೇಲೆ ದಾರಕ್ಕೆ ಮೇಣ ಸವರಲು ಅವಳ ಕೈಗೇ ಕೊಟ್ಟಿದ್ದಳು. ಮಗಳು ತಲೆ ತಗ್ಗಿಸಿ ಮೇಣ ಸವರಿದ್ದಳು. ಮೂರೋ ನಾಲ್ಕೋ ವಾರದ ಮೇಲೆ ಬ್ಯಾಗು ತುಂಬಿಕೊಂಡಳು.

ಇದೆಲ್ಲ ಅವಳಿಗೆ ಮೊದಲೂ ನೆನಪಿತ್ತು. ಮರೆತಿರಲಿಲ್ಲ. ಆದರೆ ಬಚ್ಚಲ ಬಾಗಿಲಿನ ಒಳಗಡೆಯಿಂದ ಅದು ಹೇಗೆ ಕೇಳಿಸುತ್ತದೆ ಎಂದು ಈಗ ಗೊತ್ತಾಯಿತು. ನಾಚಿಕೆಯಿಂದ ಅವಳ ಮುಖ ಕಿವಿಯವರೆಗೆ ಬಿಸಿಯಾಯಿತು. ಇಲ್ಲದವರ ಕಷ್ಟಕ್ಕೆ ಅಳುವುದು ಎಂದು ಹೀಯಾಳಿಸುತ್ತಿದ್ದವಳು, ಒಂಬತ್ತನೇ ಮಹಡಿಯಿಂದ ನೆಲಮಹಡಿಯವರೆಗೆ ಅತ್ತಳು. ಲಿಫ್ಟಿನವನು ಗೋಡೆಯ ಕಡೆ ತಿರುಗಿ ನಿಂತಿದ್ದ. ಕೆಳಗೆ ಬಂದ ಮೇಲೆ, ಹೇಳಿದಂತೆಯೇ, ಸ್ವಲ್ಪ ತಡೆದು ಬಾಗಿಲು ತೆಗೆದ.

ಎರಡು ಪುಸ್ತಕಗಳ ಗತಿ ಏನಾಯಿತೆಂದು ಕೇಳುವವರಿಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ ವಾರವೇ ಬೈಂಡರಮ್ಮ ಎರಡನ್ನೂ ಬಿಚ್ಚಿ, ಏಳನೇ ಫಾರಂಗಳನ್ನು ಅವುಗಳ ಜಾಗಕ್ಕೆ ಸೇರಿಸಿ ಹೊಲಿದಳು. ತಪ್ಪಿನಿಂದ ಯಾರಿಗೋ ಒಳ್ಳೆಯದಾಯಿತೆಂದು ತಪ್ಪನ್ನು ಹಾಗೇ ಬಿಡುವ ಪೈಕಿ ಅವಳಲ್ಲ. ಆದರೆ ಬಿಚ್ಚುವ ಮೊದಲು ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ, ಸಣ್ಣ ರಟ್ಟು ಹಾಕಿ, ದೋಣಿಯದ್ದನ್ನು ಟೈಲರಿಗೂ ಬಚ್ಚಲದ್ದನ್ನು ಲಿಫ್ಟಿನವನಿಗೂ ಕೊಟ್ಟಳು. ಟೈಲರನ ಹೆಂಡತಿಗೆ ಪಂದ್ಯ ಗೆದ್ದ ಸಂತೋಷವೇ ಸಾಕಾಗಿತ್ತು.

ಆ ದಿನ ಮಾತ್ರ ಅವಳು ಲಿಫ್ಟಿನಿಂದ ಇಳಿದವಳು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನೇರ ಮಗಳ ಲ್ಯಾಬಿಗೆ ನಡೆದಳು. ಓರೆಯಾಗಿ ಹೋಗುವ ಬುದ್ಧಿವಂತಿಕೆ ಟೈಲರಿಗೇ ಇರಲಿ ಎಂದುಕೊಂಡಳು, ಅವಳಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಒಳಗೆ ಹೋಗಿ ಮಗಳ ಹೆಸರು ಹೇಳಿದರೆ, ಮಗಳು ಕೆಲಸದಲ್ಲಿದ್ದಾಳೆ, ಸಂಜೆ ಬನ್ನಿ ಎಂದರು ಟೋಕನ್ ಕೊಡುವವರು.

"ರಕ್ತ ಪರೀಕ್ಷೆಗೆ ಬಂದೋರನ್ನ ಒಳಗೆ ಬಿಡ್ತೀರಲ್ಲ?"

"ಅದಕ್ಕೆ ಟೋಕನ್ ತಗೋಬೇಕು. ಯಾವ ಪರೀಕ್ಷೆ?"

"ಸಕ್ಕರೆ," ಎಂದಳು ಬೈಂಡರಮ್ಮ.

ಟೋಕನ್ ನಲವತ್ತೆರಡು. ಮುಕ್ಕಾಲು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದು, ಸಂಖ್ಯೆ ಕರೆದಾಗ ಪರದೆ ಸರಿಸಿ ಒಳಗೆ ಹೋದಳು. ಮಾಸ್ಕು ಹಾಕಿಕೊಂಡ ಮಗಳು ತಲೆ ಎತ್ತದೆ ಸಿರಿಂಜಿನ ಪೊಟ್ಟಣ ಹರಿಯುತ್ತಿದ್ದಳು. "ಕೂತ್ಕೊಳ್ಳಿ. ತೋಳು ಮೇಲೆ ಮಾಡಿ. ಊಟ ಆಗಿ ಎಷ್ಟು ಹೊತ್ತಾಯ್ತು?"

"ಇನ್ನೂ ಆಗಿಲ್ಲ ಕಣೇ."

ಮಗಳು ತಟ್ಟನೆ ನೋಡಿದಳು. "ಅಮ್ಮಾ? ಏನಾಯ್ತು? ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ನನ್ನಿಂದ ಒಂದು ತಪ್ಪಾಗಿದೆ." ಪುಸ್ತಕವನ್ನು ಮೇಜಿನ ಮೇಲೆ, ಹತ್ತಿಯ ಡಬ್ಬಿಯ ಪಕ್ಕದಲ್ಲಿಟ್ಟಳು. "ಒಂಬತ್ತು ವರ್ಷದ ಹಿಂದೆ. ಈ ಪುಸ್ತಕದ ಹದಿನಾರು ಪುಟ ಇನ್ನೊಂದಕ್ಕೆ ಹೊಲಿದೆ, ಅದರದ್ದು ಇದಕ್ಕೆ. ನನ್ನ ಕೈಯಿಂದ ತಪ್ಪೇ ಆಗಲ್ಲ ಅಂತ ನಿಂಗೆ ದಿನಾ ಹೇಳ್ತಿದ್ನಲ್ಲ, ಆಗಲೂ ಇದು ತಪ್ಪಾಗೇ ಇತ್ತು."

ಮಗಳು ಪುಸ್ತಕದ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು. "ಅದರಿಂದ ಯಾರಿಗಾದ್ರೂ ತೊಂದರೆ ಆಯ್ತಾ?" ಎಂದಳು.

"ಒಬ್ಬ ಟೈಲರಿಗೆ ಅವರಣ್ಣನ ಜೊತೆ ರಾಜಿ ಆಯ್ತು."

ಮಗಳಿಗೆ ನಗು ಬಂತು. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ನಕ್ಕವು. ಬೈಂಡರಮ್ಮ ಆ ನಗುವಿನ ಆಸರೆ ಹಿಡಿದು ಮಾತು ಬದಲಿಸಿಬಿಡಬಹುದಿತ್ತು. ಬದಲಿಸಲಿಲ್ಲ. ರೂಮಿಗೆ ಯಾವಾಗ ಕರೀತೀಯಾ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಬಂದ ಕೆಲಸವನ್ನೇ ಕೈಗೆತ್ತಿಕೊಂಡಳು.

"ಅವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡಿದ್ದೆಯಲ್ಲ, ನೀರು ನಿಲ್ಲಿಸು ಅಂದೆ. ಯಾಕೆ ಅಳ್ತಿದೀಯಾ ಅಂತ ಕೇಳಲಿಲ್ಲ. ಈಗ ಕೇಳ್ತಿದೀನಿ."

ಮಗಳ ಕಣ್ಣಿನ ನಗು ನಿಂತಿತು. ಅವಳು ತಾಯಿಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಹೊರಗೆ ಯಾರೋ ಕೆಮ್ಮಿದರು. ಇಷ್ಟು ಹೊತ್ತಿನ ಮೌನಕ್ಕೆ ಬೈಂಡರಮ್ಮ ಜೀವನದಲ್ಲಿ ಯಾವತ್ತೂ ಜಾಗ ಕೊಟ್ಟವಳಲ್ಲ. ಒಂದು ಬುದ್ಧಿಮಾತನ್ನೋ ಒಂದು ಕೆಲಸವನ್ನೋ ತುರುಕಿ ಅದನ್ನು ಮುಚ್ಚಿಬಿಡುತ್ತಿದ್ದಳು. ಈಗ ಕೆಳತುಟಿ ಕಚ್ಚಿ ಹಿಡಿದು ಕೂತಳು, ಈ ಕುರ್ಚಿಯಿಂದ ಎಬ್ಬಿಸುವವರೆಗೂ ತಾನಾಗಿ ಬಾಯಿ ತೆರೆಯುವುದಿಲ್ಲವೆಂದು.

"ಮೂವತ್ತೊಂದು ಜನ ಅಮ್ಮಾ," ಎಂದಳು ಮಗಳು ಕೊನೆಗೆ, ರಬ್ಬರ್ ಪಟ್ಟಿಯನ್ನೇ ನೋಡುತ್ತ. "ತೆಗೆದಿಟ್ಟ ರಕ್ತಾನ ಫ್ರಿಜ್ಜಿಗೆ ಇಡೋದು ಮರೆತೆ. ಎಲ್ಲಾ ಹಾಳಾಯ್ತು. ಮಾರನೇ ದಿನ ಅಷ್ಟೂ ಜನಾನ ಮತ್ತೆ ಕರೆಸಿ, ನನ್ನ ಕೈಯಿಂದಾನೇ ತೆಗೆಸಿದ್ರು. ಅದರಲ್ಲಿ ಒಂದು ನಾಲ್ಕು ವರ್ಷದ ಮಗು. ಮೊದಲನೇ ದಿನ ಕಿರುಚಾಡಿತ್ತು. ಎರಡನೇ ದಿನ ಅಳಲೇ ಇಲ್ಲ ಅಮ್ಮಾ. ನಾನು ಹೇಳೋ ಮೊದಲೇ ತೋಳು ಚಾಚ್ಕೊಂಡು ಕೂತಿತ್ತು."

ಹೋಗಲಿ ಬಿಡು, ಆಗಿದ್ದು ಆಗಿಹೋಯ್ತು ಎಂಬ ಮಾತು ಬೈಂಡರಮ್ಮನ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡಳು. ಪರದೆಯಾಚೆ ನಲವತ್ತಮೂರನೇ ಟೋಕನ್ನಿನವರು ಎದ್ದು ನಿಂತ ಸದ್ದಾಯಿತು. ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಆಮೇಲೆ?" ಎಂದು ಕೇಳಿದಳು.